ಪಿಎಚ್ ಪೆನ್, ಟಿಡಿಎಸ್ ಪೆನ್: ಎರಡು ಅಕ್ವೇರಿಯಂ ಮೀಟರ್‌ಗಳ ದುರಸ್ತಿ ದಾಖಲೆ

ಮೇಜಿನ ಮೇಲಿರುವುದು ಎರಡು ಪೆನ್. ಒಂದು ನೀರಿನ ಆಮ್ಲ-ಕ್ಷಾರ ಮಟ್ಟ ಅಳೆಯುವ, ಹಳದಿ ಮೈಯ ಪಿಎಚ್ ಪೆನ್. ಎರಡು ದಶಮಾಂಶದವರೆಗೆ ಅಂಕಿ ತೋರಿಸುತ್ತದೆ, ಸರಿಹೊಂದಿಸಲು ಬೆನ್ನಿನಲ್ಲಿ ಒಂದೇ ಒಂದು ಸಣ್ಣ ಸ್ಕ್ರೂ ಇದೆ. ಇನ್ನೊಂದು ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ಹೇಳುವ, ಎರಡು ಲೋಹದ ಕಡ್ಡಿಗಳ ಟಿಡಿಎಸ್ ಪೆನ್. ಎರಡೂ ಗಿಡ ನೆಟ್ಟು ಸಿಒ2 (ಇಂಗಾಲದ ಡೈಆಕ್ಸೈಡ್) ಕೊಡುವ ಸಿಹಿನೀರಿನ ತೊಟ್ಟಿಗೆ ಬಳಕೆಯಾಗುತ್ತಿದ್ದವು. ಪಿಎಚ್ ಪೆನ್ನಿನ ಮೇಲಿನ ದೂರು: ಅದ್ದಿದ ಕೂಡಲೇ ಒಂದು ಅಂಕಿ, ಮೂರು ನಿಮಿಷ ಬಿಟ್ಟರೆ ಇನ್ನೊಂದು, ತೊಟ್ಟಿಯಲ್ಲಿ ಒಂದು, ಅದೇ ನೀರನ್ನು ಲೋಟಕ್ಕೆ ತೆಗೆದರೆ ಮತ್ತೊಂದು. ಟಿಡಿಎಸ್ ಪೆನ್ನಿನ ಅಂಕಿ ಕುಣಿಯುವುದಿಲ್ಲ, ಆದರೆ ಹೊಸ ಪೆನ್ನಿನ ಪಕ್ಕ ಇಟ್ಟರೆ ಯಾವಾಗಲೂ ಕಡಿಮೆ.

ಏನನ್ನೂ ಮುಟ್ಟುವ ಮೊದಲು ಪಿಎಚ್ ಪೆನ್ನನ್ನು ಇದ್ದ ಸ್ಥಿತಿಯಲ್ಲೇ ಎರಡು ಬಫರ್‌ಗಳಲ್ಲಿ, ಅಂದರೆ ಪಿಎಚ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಅದ್ದಿ ಬರೆದುಕೊಂಡ ಲೆಕ್ಕ ಇದು. ದ್ರಾವಣದ ಉಷ್ಣಾಂಶ 29 ಡಿಗ್ರಿ. 6.86ರ ಬಫರ್‌ನಲ್ಲಿ ಪೆನ್ ತೋರಿಸಿದ್ದು 7.31. 9.18ರ ಬಫರ್‌ನಲ್ಲಿ 9.02. ಮೊದಲನೆಯದರಲ್ಲಿ ಸುಮಾರು ಅರ್ಧ ಅಂಕ ಹೆಚ್ಚು, ಎರಡನೆಯದರಲ್ಲಿ ಸ್ವಲ್ಪ ಕಡಿಮೆ. ಹೀಗಿರುವಾಗ ಸ್ಕ್ರೂ ತಿರುಗಿಸಿ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಸ್ಕ್ರೂಗೆ ಕೈ ಹಾಕುವುದು ಕೊನೆಯ ಕೆಲಸ.

ಈ ಅಂಕಿ ತೊಟ್ಟಿಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸಿಒ2 ಅಂದಾಜಿಗೆ ಎಲ್ಲರೂ ಬಳಸುವ ಸೂತ್ರ: ಕೆಎಚ್ ಅನ್ನು (ನೀರಿನ ಕಾರ್ಬೊನೇಟ್ ಗಡಸುತನ, ಡಿಗ್ರಿಯಲ್ಲಿ) 3ರಿಂದ ಗುಣಿಸಿ, ಬಂದದ್ದನ್ನು 10ರ (7 − ಪಿಎಚ್) ಘಾತದಿಂದ ಗುಣಿಸಬೇಕು. ಕೆಎಚ್ 4 ಡಿಗ್ರಿ, ನಿಜವಾದ ಪಿಎಚ್ 6.6 ಇರುವ ನೀರಿನಲ್ಲಿ ಸಿಒ2 ಸುಮಾರು 30 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಗಿಡಕ್ಕೆ ಹಿತ, ಮೀನಿಗೂ ತಾಳುವ ಮಟ್ಟ. ಈ ಕೆಟ್ಟ ಪೆನ್ ಅದೇ ನೀರಿನಲ್ಲಿ ತೋರಿಸುವುದು 7.12. ಆ ಅಂಕಿಯನ್ನು ಸೂತ್ರಕ್ಕೆ ಹಾಕಿದರೆ ಬರುವುದು 9 ಪಿಪಿಎಂ. ಅದನ್ನು ನಂಬಿದವರು ಸಿಒ2 ಹೆಚ್ಚಿಸಲು ರೆಗ್ಯುಲೇಟರ್ ಇನ್ನಷ್ಟು ತಿರುಗಿಸುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಪೆನ್ ಒಳ್ಳೆಯದಿದ್ದು ಬರೀ 0.2 ತಪ್ಪಿದರೂ 30 ಪಿಪಿಎಂ ಎಂಬುದು ಒಂದು ಕಡೆ 19, ಇನ್ನೊಂದು ಕಡೆ 48 ಆಗಿ ಕಾಣುತ್ತದೆ. ಅಮೋನಿಯಾ ವಿಷಯದಲ್ಲೂ ಇದೇ ಕಥೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7.6 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಭಾಗ ಶೇ. 2.7ರಷ್ಟು, ಪಿಎಚ್ 8.0 ಆದರೆ ಶೇ. 6.5. ಆದ್ದರಿಂದ ತೊಟ್ಟಿಯ ನೀರನ್ನು ತಿದ್ದುವುದಕ್ಕೆ ಮೊದಲು ಪೆನ್ನನ್ನು ತಿದ್ದಬೇಕು. ಪಿಎಚ್ ಏರಿಸುವ, ಇಳಿಸುವ ಬಾಟಲಿಗಳನ್ನು ಅಂಗಡಿಯಿಂದ ತರುವ ಮೊದಲು 6.86ರ ಬಫರ್ ಪುಡಿಯ ಒಂದು ಪೊಟ್ಟಣ ತನ್ನಿ.

ಬಫರ್‌ನಿಂದ ಶುರು

ಎಷ್ಟೋ ದೂರುಗಳಲ್ಲಿ ಪೆನ್ನಿಗಿಂತ ಬಫರ್ ಮೇಲೆ ಅನುಮಾನ ಪಡಬೇಕು. ಪೆನ್ ಜೊತೆ ಬರುವ ಪುಡಿ ಪೊಟ್ಟಣಗಳನ್ನು ಸಾಮಾನ್ಯವಾಗಿ 250 ಮಿಲಿಲೀಟರ್ ನೀರಿಗೆ ಕರಗಿಸಬೇಕು; ಪೊಟ್ಟಣದ ಮೇಲಿರುವ ಅಳತೆಯನ್ನೇ ಪಾಲಿಸಿ. ಪುಡಿ ಒಂದು ಚೂರೂ ಪೊಟ್ಟಣದಲ್ಲಿ ಉಳಿಯಬಾರದು, ಅದೇ ನೀರಿನಿಂದ ಒಳಗೆ ತೊಳೆದು ಬಾಟಲಿಗೆ ಸುರಿಯಿರಿ. ನೀರು ಡಿಸ್ಟಿಲ್ಡ್ ಆಗಿರಬೇಕು. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರೂ ಆಗುತ್ತದೆ, ಟಿಡಿಎಸ್ 5ಕ್ಕಿಂತ ಕೆಳಗಿದ್ದರೆ. ಕೇಳುವಾಗ ಬ್ಯಾಟರಿಗೆ ಹಾಕುವ ಆ್ಯಸಿಡ್ ಅಲ್ಲ, ನೀರು ಎಂದು ಬಿಡಿಸಿ ಹೇಳಿ. ನಲ್ಲಿ ನೀರಿನಲ್ಲಿ, ಅದರಲ್ಲೂ ಬೋರ್ ನೀರಿನಲ್ಲಿ ಕರಗಿಸಿದ ಬಫರ್ ಬಫರೇ ಅಲ್ಲ. ಬೋರ್ ನೀರಿನ ಬೈಕಾರ್ಬೊನೇಟ್ 4.00ರ ಬಫರನ್ನು ಮೇಲಕ್ಕೆ ಎಳೆಯುತ್ತದೆ.

ಮೂರರಲ್ಲಿ ಬೇಗ ಕೆಡುವುದು 9.18. ಗಾಳಿಯಲ್ಲಿರುವ ಸಿಒ2 ಹೀರಿಕೊಂಡು ಅದು ತಾನಾಗಿಯೇ ಕೆಳಗಿಳಿಯುತ್ತದೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಟ್ಟ 9.18ರ ಬಫರ್‌ಗೆ ಪೆನ್ನನ್ನು ಹೊಂದಿಸಿದರೆ ಒಳ್ಳೆಯ ಪೆನ್ನೂ ಕೆಡುತ್ತದೆ. ಮಾಡಿದ ಕೂಡಲೇ ಸಣ್ಣ ಸಣ್ಣ ಶೀಶೆಗಳಿಗೆ ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. 4.00ರ ಬಫರ್‌ನಲ್ಲಿ ಬೂಸ್ಟು ಬೆಳೆಯುತ್ತದೆ. ಒಳಗೆ ಹತ್ತಿಯಂಥದ್ದು ತೇಲುತ್ತಿದ್ದರೆ ಚೆಲ್ಲಿ. 6.86 ಇವೆರಡಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಒಮ್ಮೆ ಲೋಟಕ್ಕೆ ಸುರಿದ ಬಫರನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಒಂದು ಸಲಕ್ಕೆ 20 ಮಿಲಿಲೀಟರ್ ಸಾಕು. ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲಿ ಪೆನ್ನಿನ ತುದಿ ಸರಿಯಾಗಿ ಕೂರುವುದಾದರೆ 10 ಕೂಡ ಸಾಕು.

ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ 25 ಡಿಗ್ರಿಯದು. ಕರಾವಳಿಯಲ್ಲಾಗಲಿ, ಏಪ್ರಿಲ್ ತಿಂಗಳ ಕಲಬುರಗಿಯಲ್ಲಾಗಲಿ ಕೋಣೆಯ ನೀರು 25ರಲ್ಲಿ ಇರುವುದಿಲ್ಲ. 6.86ರ ಬಫರ್ 20 ಡಿಗ್ರಿಯಲ್ಲಿ 6.88, 30ರಲ್ಲಿ 6.85. 9.18ರದ್ದು 20ರಲ್ಲಿ 9.22, 30ರಲ್ಲಿ 9.14. ನಮ್ಮ 29 ಡಿಗ್ರಿಗೆ 6.85 ಮತ್ತು 9.15 ಎಂದು ಹಿಡಿದಿದ್ದೇವೆ. 4.00ರದ್ದು ಹೆಚ್ಚು ಅಲುಗುವುದಿಲ್ಲ, 30ರಲ್ಲಿ 4.01.

ಪೆಟ್ಟಿಗೆಯ ಮೇಲೆ ಎಟಿಸಿ, ಅಂದರೆ ಉಷ್ಣಾಂಶಕ್ಕೆ ತಾನಾಗಿ ಹೊಂದಿಕೊಳ್ಳುವ ಸೌಲಭ್ಯ ಇದೆ ಎಂದು ಬರೆದಿರುತ್ತದಲ್ಲ, ಅದು ಈ ಕೆಲಸ ಮಾಡುವುದಿಲ್ಲ. ಗಾಜಿನ ಬಲ್ಬು ಪಿಎಚ್‌ನ ಒಂದೊಂದು ಅಂಕಕ್ಕೆ 25 ಡಿಗ್ರಿಯಲ್ಲಿ 59.16 ಮಿಲಿವೋಲ್ಟ್ ಕೊಡುತ್ತದೆ, 30 ಡಿಗ್ರಿಯಲ್ಲಿ 60.15. ಎಟಿಸಿ ಸರಿದೂಗಿಸುವುದು ಈ ವ್ಯತ್ಯಾಸವನ್ನು ಮಾತ್ರ. ಪಿಎಚ್ 7ರ ಹತ್ತಿರ ಬಲ್ಬಿನ ವೋಲ್ಟೇಜೇ ಸೊನ್ನೆಯ ಆಸುಪಾಸು ಇರುವುದರಿಂದ ಅಲ್ಲಿ ತಿದ್ದಲು ಏನೂ ಇಲ್ಲ. ಪಿಎಚ್ 9ರಲ್ಲಿ 5 ಡಿಗ್ರಿ ವ್ಯತ್ಯಾಸಕ್ಕೆ ಆಗುವ ತಿದ್ದುಪಡಿ 0.03ರಷ್ಟು. ನೀರಿನ ಪಿಎಚ್ ಉಷ್ಣಾಂಶದ ಜೊತೆ ನಿಜವಾಗಿಯೇ ಬದಲಾದರೆ ಅದು ಹಾಗೆಯೇ ಕಾಣುತ್ತದೆ, ಕಾಣಬೇಕಾದ್ದೂ ಹಾಗೆಯೇ. ಬಫರ್ ಶೀಶೆಗಳನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು ಎರಡರ ಉಷ್ಣಾಂಶ ಒಂದೇ ಮಾಡಿಕೊಂಡರೆ ಈ ಗೋಜೇ ಇಲ್ಲ.

ಬಲ್ಬು

ಮುಚ್ಚಳ ತೆಗೆದಾಗ ಒಳಗೆ ಒಣಗಿತ್ತು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಗಾಜಿನ ಬಲ್ಬಿನ ಬುಡದ ಸುತ್ತ ಬಿಳಿ ಉಂಗುರ, ಅದರ ಮೇಲೆ ಹಸಿರು ಮಿಶ್ರಿತ ಕಂದು ಲೋಳೆ. ಉಂಗುರ ಬೋರ್ ನೀರಿನ ಸುಣ್ಣ, ಲೋಳೆ ಪಾಚಿಯೂ ಬ್ಯಾಕ್ಟೀರಿಯಾವೂ ಸೇರಿದ್ದು. ಬಲ್ಬಿನ ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆಯೊಂದಿದೆ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಅದೇ ಜಂಕ್ಷನ್. ಪೆನ್ನಿನ ಒಳಗಿರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹೊರಗಿನ ನೀರಿನೊಡನೆ ಸಂಪರ್ಕ ಇಟ್ಟುಕೊಳ್ಳುವುದು ಆ ಚುಕ್ಕೆಯ ಸಣ್ಣ ರಂಧ್ರಗಳ ಮೂಲಕ. ಬಲ್ಬು ಕೊಳೆಯಾದರೆ ಅಂಕಿ ನಿಧಾನವಾಗುತ್ತದೆ, ಜಂಕ್ಷನ್ ಕಟ್ಟಿದರೆ ಅಂಕಿ ನಿಲ್ಲದೆ ಹರಿಯುತ್ತದೆ. ಈ ಪೆನ್ನಿನಲ್ಲಿ ಎರಡೂ ಇದ್ದವು.

ಇಲ್ಲೇ ಇನ್ನೆರಡು ಲಕ್ಷಣಗಳನ್ನು ಹೇಳಿಬಿಡಬೇಕು, ಯಾಕೆಂದರೆ ಅವು ಕಂಡರೆ ಮುಂದಿನ ಶ್ರಮ ವ್ಯರ್ಥ. ಪೆನ್ 4.00, 6.86, 9.18 ಮೂರರಲ್ಲೂ 7ರ ಆಸುಪಾಸಿನ ಒಂದೇ ಅಂಕಿ ತೋರಿಸಿದರೆ ಬಲ್ಬಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಇಲ್ಲವೇ ಒಳಗಿನ ಬೋರ್ಡ್ ಒದ್ದೆಯಾಗಿದೆ. ಗಾಜಿನ ಬಲ್ಬಿನ ರೋಧ ಹತ್ತಾರು, ನೂರಾರು ಮೆಗಾಓಮ್. ಅದರ ಮುಂದೆ ಬೋರ್ಡಿನ ಮೇಲಿನ ಉಸಿರಿನಷ್ಟು ತೇವವೂ ವಿದ್ಯುತ್ತಿಗೆ ರಾಜಮಾರ್ಗ. ಬೋರ್ಡ್ ಒದ್ದೆಯಾಗಿದ್ದರೆ ಉಳಿಸಬಹುದು: ಬ್ಯಾಟರಿ ತೆಗೆದು, ಮೈ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಬಲ್ಬಿನ ತಂತಿ ಬೆಸೆದ ಜಾಗವನ್ನು ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ದಿನ ಇಡಿ. ಆ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು ಮತ್ತೆ ಅದೇ ತೊಂದರೆಗೆ. ಬಲ್ಬೇ ಬಿರಿದಿದ್ದರೆ ಪೆನ್ ಮುಗಿಯಿತು.

ಶುಚಿ ಮಾಡಿದ ಕ್ರಮ ಹೀಗಿದೆ. ಮೊದಲು ಹರಿಯುವ ನೀರು. ಆಮೇಲೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಅದರಲ್ಲಿ 10 ನಿಮಿಷ. ನಡುನಡುವೆ ಪೆನ್ನನ್ನೇ ಮೆಲ್ಲಗೆ ಆಡಿಸುವುದು. ಲೋಳೆಯ ಹೆಚ್ಚಿನ ಪಾಲು ಇಲ್ಲೇ ಬಿಟ್ಟಿತು. ಬಲ್ಬನ್ನು ಬಟ್ಟೆಯಿಂದ ಉಜ್ಜಬಾರದು. ಗಾಜಿನ ಮೇಲ್ಮೈಯಲ್ಲಿ ನೀರುಂಡು ಉಬ್ಬಿದ ತೀರಾ ತೆಳು ಪದರವೊಂದಿದೆ, ಅಳತೆ ನಡೆಯುವುದೇ ಅದರಲ್ಲಿ. ಉಜ್ಜಿದರೆ ಅದು ಗೀಚುತ್ತದೆ, ಜೊತೆಗೆ ಗಾಜಿನ ಮೇಲೆ ಸ್ಥಿರವಿದ್ಯುತ್ ಕೂತು ಅಂಕಿ ಬಹಳ ಹೊತ್ತು ಅಲೆಯುತ್ತದೆ. ಟಿಶ್ಯೂ ಕಾಗದದ ಮೂಲೆಯಿಂದ ಹನಿಯನ್ನು ಹೀರಿಸಿಕೊಂಡರೆ ಸಾಕು.

ಸುಣ್ಣಕ್ಕೆ ಅಡುಗೆಮನೆಯ ಬಿಳಿ ವಿನೆಗರ್, 10 ನಿಮಿಷ. ಉಂಗುರದಿಂದ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಗುಳ್ಳೆ ನಿಂತರೆ ಸುಣ್ಣ ಮುಗಿಯಿತು ಎಂದರ್ಥ. ಮತ್ತೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹಠ ಹಿಡಿದ ಪಾಚಿಗೆ ಕೆಲವರು ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಐದು ನಿಮಿಷ ಅದ್ದುತ್ತಾರೆ. ಕೆಲಸ ಆಗುತ್ತದೆ. ಆದರೆ ವಿನೆಗರ್ ಮತ್ತು ಬ್ಲೀಚ್ ಎಂದೂ ಒಂದೇ ಲೋಟ ಕಾಣಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದರ ನಂತರ ಇನ್ನೊಂದು ಬಳಸುವುದಾದರೆ ನಡುವೆ ಪೆನ್ನನ್ನೂ ಲೋಟವನ್ನೂ ಪೂರ್ತಿ ತೊಳೆಯಿರಿ.

ಇನ್ನು ನೆನೆಸುವುದು. ಇದಕ್ಕೆ ಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್: 22.4 ಗ್ರಾಂ ಪುಡಿಯನ್ನು ಸ್ವಲ್ಪ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಆಗುವಷ್ಟು ನೀರು ಸೇರಿಸಿ. ಕರಗುವಾಗ ಲೋಟ ತಣ್ಣಗಾಗುತ್ತದೆ, ಗಾಬರಿ ಬೇಡ. ಪುಡಿಯನ್ನು ಲ್ಯಾಬ್ ಕೆಮಿಕಲ್ ಅಂಗಡಿಯಿಂದಲೇ ತನ್ನಿ. ಗೊಬ್ಬರದಂಗಡಿಯ ಕೆಂಪು ಪೊಟ್ಯಾಷ್ ಹೆಸರಿಗೆ ಅದೇ ಲವಣವಾದರೂ ಕಬ್ಬಿಣದ ಕೆಂಪು ಮಣ್ಣು ಬೆರೆತಿರುತ್ತದೆ, ಅದು ಜಂಕ್ಷನ್ನಿನ ರಂಧ್ರಗಳಲ್ಲೇ ಹೋಗಿ ಕೂರುತ್ತದೆ. ಈ ಪೆನ್ನಿನ ಜಂಕ್ಷನ್ ಬಿಡಿಸಲು ದ್ರಾವಣವನ್ನು ಮೊದಲು 45 ಡಿಗ್ರಿಗೆ ಬೆಚ್ಚಗೆ ಮಾಡಿ 10 ನಿಮಿಷ ಅದ್ದಿ, ಅದರಲ್ಲೇ ತಣಿಯಲು ಬಿಟ್ಟು, ರಾತ್ರಿಯಿಡೀ ಹಾಗೇ ಇರಿಸಲಾಯಿತು. ಒಣಗಿದ ಬಲ್ಬಿನ ಪದರ ಮತ್ತೆ ನೀರು ಕುಡಿಯಲು ಇಷ್ಟು ಹೊತ್ತು ಬೇಕೇ ಬೇಕು.

ಬೆಳಗ್ಗೆಯ ಲೆಕ್ಕ: 6.86ರಲ್ಲಿ 7.12, 9.18ರಲ್ಲಿ 9.31. ಅಂಕಿ ಈಗ 40 ಸೆಕೆಂಡಿನಲ್ಲಿ ನಿಲ್ಲುತ್ತದೆ.

ಸ್ಲೋಪ್ ನೋಡದೆ ಸ್ಕ್ರೂ ತಿರುಗಿಸಬೇಡಿ

ಎರಡು ಬಫರ್‌ಗಳ ನಿಜವಾದ ಅಂತರ 9.15 ಕಳೆ 6.85, ಅಂದರೆ 2.30. ಮೊದಲ ದಿನ ಪೆನ್ ತೋರಿಸಿದ ಅಂತರ 1.71, ಹಾಗಾಗಿ ಸ್ಲೋಪ್, ಅಂದರೆ ನಿಜವಾದ ಅಂತರದಲ್ಲಿ ಪೆನ್ ತೋರಿಸುವ ಪಾಲು, ಶೇ. 74. ಶುಚಿಯ ನಂತರ ಅಂತರ 2.19, ಸ್ಲೋಪ್ ಶೇ. 95. ಶೇ. 95ರಿಂದ 102ರೊಳಗೆ ಇದ್ದರೆ ಒಳ್ಳೆಯ ಬಲ್ಬು. 90ಕ್ಕೆ ಬಂದಿದ್ದರೆ ಇನ್ನೊಂದು ಸುತ್ತು ಶುಚಿ ಮಾಡಿ. ಎರಡು ಸುತ್ತು ಆದಮೇಲೂ 85ಕ್ಕಿಂತ ಕೆಳಗೇ ಉಳಿದರೆ ಗಾಜಿಗೆ ವಯಸ್ಸಾಗಿದೆ. ಈ ಬಗೆಯ ಬಲ್ಬುಗಳ ಆಯುಸ್ಸೇ ಒಂದೆರಡು ವರ್ಷ. ಅದು ಪೆನ್ನಿನ ದೋಷವಲ್ಲ, ಟೂತ್ ಬ್ರಷ್ ಸವೆದಂತೆ ಸವೆಯುವ ವಸ್ತು.

ಒಂದೇ ಸ್ಕ್ರೂ ಇರುವ ಪೆನ್ನಿನಲ್ಲಿ ಸ್ಕ್ರೂ ಇಡೀ ಅಳತೆಪಟ್ಟಿಯನ್ನು ಮೇಲಕ್ಕೋ ಕೆಳಕ್ಕೋ ಜರುಗಿಸುತ್ತದೆ ಅಷ್ಟೆ, ಹಿಗ್ಗಿಸುವುದಿಲ್ಲ, ಕುಗ್ಗಿಸುವುದಿಲ್ಲ. ಆದ್ದರಿಂದ ಅದನ್ನು ನಿಮ್ಮ ತೊಟ್ಟಿಗೆ ಹತ್ತಿರದ ಬಫರ್‌ನಲ್ಲೇ ಹೊಂದಿಸಿ. ಸಿಹಿನೀರಿಗೆ 6.86. ಇಲ್ಲಿ 6.85ಕ್ಕೆ ತಂದ ಮೇಲೆ 9.18ರ ಬಫರ್ 9.04 ತೋರಿಸಿತು, 4.00ರದ್ದು 4.15. ತುದಿಗಳಲ್ಲಿ ತಪ್ಪು ಉಳಿದಿದೆ, ಆದರೆ ತೊಟ್ಟಿಯ ನೀರು ಇರುವುದು ನಡುವಿನಲ್ಲಿ. ಪೆನ್ 7.37 ತೋರಿಸಿದರೆ ನಿಜವಾದದ್ದು 6.85ಕ್ಕೆ (0.52 ಭಾಗಿಸು 0.95) ಸೇರಿಸಿದಷ್ಟು, ಅಂದರೆ 7.40. ಮಲಾವಿ, ಟಾಂಗನಿಕಾ ಸರೋವರಗಳ ಮೀನು ಸಾಕುವವರ ನೀರು 8ರ ಮೇಲಿರುತ್ತದೆ. ಅಂಥವರು ಇದೇ ಲೆಕ್ಕವನ್ನು ಒಮ್ಮೆ ಮಾಡಿ ಚೀಟಿಯಲ್ಲಿ ಬರೆದು ಪೆನ್ನಿಗೆ ಅಂಟಿಸಿಕೊಳ್ಳಲಿ.

ಸ್ಕ್ರೂ ತಿರುಗಿಸುವಾಗ ಆತುರ ಬೇಡ. ಪೆನ್ ಬಫರ್‌ನಲ್ಲಿ ಎರಡು ನಿಮಿಷ ಕೂತು ಅಂಕಿ ನಿಂತ ಮೇಲೆ, ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್‌ನಿಂದ ಎಳ್ಳಷ್ಟೆಳ್ಳಷ್ಟೇ ತಿರುಗಿಸಿ. ಯಾವ ಕಡೆ ತಿರುಗಿಸಿದರೆ ಏರುತ್ತದೆ ಎಂಬುದು ಪೆನ್ನಿನಿಂದ ಪೆನ್ನಿಗೆ ಬೇರೆ. ಕೈ ತೆಗೆದ ಮೇಲೆ ಅಂಕಿ ಸ್ವಲ್ಪ ಹಿಂದೆ ಬರುತ್ತದೆ. ಅರ್ಧ ನಿಮಿಷ ಕಾದು ಮತ್ತೆ ನೋಡಿ. ಗುಂಡಿ ಒತ್ತಿದರೆ ತಾನೇ ಹೊಂದಿಕೊಳ್ಳುವ ಪೆನ್ನುಗಳಲ್ಲಿ ಬೇರೆಯದೇ ಅಪಾಯವಿದೆ. ಅಂಕಿ ನಿಲ್ಲುವ ಮೊದಲೇ ಗುಂಡಿ ಒತ್ತಿದರೆ, ಅಥವಾ ಹಿಂದಿನ ಬಫರ್‌ನ ಹನಿ ತೊಳೆಯದೆ ಮುಂದಿನದಕ್ಕೆ ಹೋದರೆ, ಆ ತಪ್ಪನ್ನೇ ಅದು ಸರಿಯೆಂದು ನೆನಪಿಟ್ಟುಕೊಳ್ಳುತ್ತದೆ. ಮುಗಿದ ಮೇಲೆ ಗುಂಡಿ ಮುಟ್ಟದೆ ಪ್ರತಿ ಬಫರ್‌ನಲ್ಲೂ ಇನ್ನೊಮ್ಮೆ ಅದ್ದಿ ಓದಿ. ಸರಿಯಾಗಿ ಹೊಂದಿದೆಯೇ ಎಂಬುದು ಆಗಷ್ಟೇ ಗೊತ್ತಾಗುವುದು.

ಬ್ಯಾಟರಿಯನ್ನು ಹೊಂದಿಸುವ ಮೊದಲೇ ಬದಲಿಸಿ, ಆಮೇಲಲ್ಲ. ಇದರಲ್ಲಿ ಇದ್ದದ್ದು ನಾಲ್ಕು ಎಲ್‌ಆರ್44 ಗುಂಡಿ ಸೆಲ್. ಮಲ್ಟಿಮೀಟರಿನಲ್ಲಿ ಮೂರು 1.4 ವೋಲ್ಟ್ ತೋರಿಸಿದವು, ಒಂದು 1.15. ಪರದೆ ಮಸುಕಾಗಿರಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಒಂದೇ ಅಳತೆಯ ಎಸ್‌ಆರ್44 ಸಿಲ್ವರ್ ಆಕ್ಸೈಡ್ ಸೆಲ್ ಸಿಕ್ಕರೆ ಅದನ್ನೇ ಹಾಕಿ. ಸ್ವಲ್ಪ ದುಬಾರಿ, ಆದರೆ ಕೊನೆಯವರೆಗೂ 1.55ರ ಆಸುಪಾಸು ನಿಲ್ಲುತ್ತದೆ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕೂತಿದ್ದರೆ ವಿನೆಗರ್ ಮುಟ್ಟಿಸಿದ ಕಿವಿ ಕಡ್ಡಿ, ಅದರ ಹಿಂದೆಯೇ ಆಲ್ಕೋಹಾಲು. ತೆಗೆದ ಸೆಲ್‌ಗಳನ್ನು ಮಕ್ಕಳ ಕೈಗೆ ಸಿಗುವ ಕಡೆ ಬಿಡಬೇಡಿ. ನುಂಗಿದರೆ ಅನ್ನನಾಳ ಸುಡುತ್ತದೆ.

ತೊಟ್ಟಿಯಲ್ಲಿ ಅದ್ದುವುದಕ್ಕಿಂತ ಲೋಟ ಮೇಲು

ಸರಿಯಾದ ಪೆನ್ನೂ ತೊಟ್ಟಿಯಲ್ಲಿ ಕುಣಿಯಬಹುದು. ಫಿಲ್ಟರಿನ ಹರಿವು ನೇರ ಬಲ್ಬಿಗೆ ಹೊಡೆದರೆ, ಸಿಒ2 ಬಿಡುವ ಡಿಫ್ಯೂಸರಿನ ಗುಳ್ಳೆ ತುದಿಗೆ ತಾಗಿದರೆ, ಹೀಟರಿನಿಂದ ವಿದ್ಯುತ್ ಸೋರುತ್ತಿದ್ದರೆ. ಕೊನೆಯದು ಗಂಭೀರ ವಿಷಯ. ತೊಟ್ಟಿಯಲ್ಲಿ ಅಲೆಯುವ ಅಂಕಿ ಹೀಟರ್, ಪಂಪಿನ ಪ್ಲಗ್ ಎಳೆದ ಕೂಡಲೇ ನಿಂತರೆ ಆ ಉಪಕರಣವನ್ನು ಮತ್ತೆ ಹಾಕಬೇಡಿ. ತೊಟ್ಟಿಯ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಾಕಿಸಿ.

ದಿನದ ಅಳತೆಗೆ ಗಾಜಿನ ಲೋಟ ತೆಗೆದುಕೊಳ್ಳಿ. ಅದೇ ತೊಟ್ಟಿಯ ನೀರಿನಲ್ಲಿ ಎರಡು ಸಲ ತೊಳೆದು, ಮೂರನೇ ಸಲ ನೀರಿನೊಳಗೇ ಮುಳುಗಿಸಿ ತುಂಬಿಕೊಳ್ಳಿ. ಎತ್ತರದಿಂದ ಸುರಿದರೆ ಸಿಒ2 ಹಾರಿಹೋಗಿ ಪಿಎಚ್ ಏರುತ್ತದೆ. ಪೆನ್ನಿನಿಂದ ಒಂದೆರಡು ಸಲ ಮೆಲ್ಲಗೆ ಕಲಕಿ ಬಿಡಿ, ಒಂದು ನಿಮಿಷ ಕಾಯಿರಿ, ಓದಿ. ಕಲಕುತ್ತಲೇ ಓದಬೇಡಿ. ಮಲೆನಾಡಿನ ಝರಿ ನೀರು, ಮಳೆ ನೀರು, ಆರ್‌ಓ ನೀರು ಇಂಥವುಗಳಲ್ಲಿ ಲವಣ ತೀರಾ ಕಡಿಮೆ. ಅಲ್ಲಿ ಅಂಕಿ ನಿಲ್ಲಲು ಐದು ನಿಮಿಷವೂ ಬೇಕಾಗಬಹುದು, ನಿಂತ ಮೇಲೂ ಅದನ್ನು ಅಷ್ಟಾಗಿ ನಂಬುವಂತಿಲ್ಲ. ಶುದ್ಧ ಆರ್‌ಓ ನೀರಿನ ಪಿಎಚ್ ಅಳೆಯುವ ಕೆಲಸವನ್ನೇ ಬಿಟ್ಟುಬಿಡಿ. ಗಾಳಿ ತಾಗಿದ ಕ್ಷಣದಿಂದ ಅದು ಬದಲಾಗುತ್ತಿರುತ್ತದೆ, ತೊಟ್ಟಿಯ ನೀರಿಗೆ ಬೆರೆತ ಮೇಲೆ ಅದರ ಪಿಎಚ್‌ಗೆ ಬೆಲೆಯೂ ಇಲ್ಲ.

ಸಿಒ2 ಕೊಡುವವರಿಗೆ ಇದಕ್ಕಿಂತ ಗಟ್ಟಿಯಾದ ಉಪಾಯವೊಂದಿದೆ. ತೊಟ್ಟಿಯ ನೀರನ್ನು ಒಂದು ಲೋಟದಲ್ಲಿ 24 ಗಂಟೆ ತೆರೆದಿಟ್ಟು, ಸಾಧ್ಯವಿದ್ದರೆ ಗಾಳಿಕಲ್ಲು ಹಾಕಿ, ಅದರ ಪಿಎಚ್ ಓದಿ. ಸಿಒ2 ತುಂಬಿದ ಹೊತ್ತಿನಲ್ಲಿ ತೊಟ್ಟಿಯದನ್ನು ಓದಿ. ಎರಡರ ನಡುವೆ 1.0 ಇಳಿತ ಇದ್ದರೆ ಕರಗಿದ ಸಿಒ2 ಹತ್ತು ಪಟ್ಟಾಗಿದೆ. ಪೆನ್ ಅರ್ಧ ಅಂಕ ಜರುಗಿದ್ದರೂ ಅದು ಎರಡು ಓದಿನಲ್ಲೂ ಒಂದೇ ಆಗಿರುವುದರಿಂದ ಕಳೆಯುವಾಗ ಹೊರಟುಹೋಗುತ್ತದೆ; ಸ್ಲೋಪ್ ಮಾತ್ರ ಸರಿಯಿರಬೇಕು. ಮರದ ದಿಮ್ಮಿ, ಬಾದಾಮಿ ಎಲೆ ಹಾಕಿ ನೀರು ಕಂದಾಗಿಸಿದ ತೊಟ್ಟಿಯಲ್ಲಿ ಕೆಎಚ್ ಸೂತ್ರ ಹೇಗೂ ತಪ್ಪುತ್ತದೆ, ಎಲೆಯ ಆಮ್ಲಗಳೂ ಪಿಎಚ್ ಇಳಿಸುವುದರಿಂದ. ಜೊತೆಗೆ 4 ಡಿಗ್ರಿ ಕೆಎಚ್ ದ್ರಾವಣ ತುಂಬಿದ ಡ್ರಾಪ್ ಚೆಕರ್ (ಸಿಒ2 ಮಟ್ಟಕ್ಕೆ ತಕ್ಕಂತೆ ಬಣ್ಣ ಬದಲಿಸುವ ಸಣ್ಣ ಬುರುಡೆ) ಒಂದು ತೊಟ್ಟಿಯ ಗಾಜಿಗೆ ಅಂಟಿರಲಿ. ಅದರ ಹಸಿರು ಬಣ್ಣ 30 ಪಿಪಿಎಂನ ಸುತ್ತಮುತ್ತ, ಹಳದಿಗೆ ತಿರುಗಿದರೆ ಪೆನ್ ಏನೇ ಹೇಳಲಿ ಸಿಒ2 ಕಡಿಮೆ ಮಾಡಿ.

ಟಿಡಿಎಸ್ ಪೆನ್

ಇದು ಪಿಎಚ್ ಪೆನ್ನಿಗಿಂತ ಎಷ್ಟೋ ಗಟ್ಟಿ ಜೀವ. ಒಣಗಿಸಿ ಇಡಬಹುದು, ಇಡಬೇಕಾದ್ದೂ ಹಾಗೆಯೇ. ದೋಷ ಸಾಮಾನ್ಯವಾಗಿ ಕಡ್ಡಿಗಳ ಮೇಲಿನ ಸುಣ್ಣ, ಬ್ಯಾಟರಿ, ಇಲ್ಲವೇ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದರಲ್ಲಿ.

ಪೆನ್ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಗುಣಕದಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ಕೆಲವು ಪೆನ್ನುಗಳ ಗುಣಕ 0.5, ಕೆಲವದ್ದು 0.7. ಒಂದೇ ನೀರಿಗೆ ಒಂದು 250, ಇನ್ನೊಂದು 350 ಹೇಳುವುದು ಇದರಿಂದಲೇ, ಎರಡೂ ಸರಿ. ವಾಹಕತೆಯನ್ನೇ ಮೈಕ್ರೋಸೀಮೆನ್ಸ್‌ನಲ್ಲಿ ತೋರಿಸುವ ಆಯ್ಕೆ ಇದ್ದರೆ ಅದರಲ್ಲೇ ಓದಿ, ಅದರಲ್ಲೇ ಬರೆದಿಡಿ.

ಸರಿನೋಡಲು ದ್ರಾವಣವನ್ನು ಮೇಲೆ ತಂದ ಪೊಟ್ಯಾಸಿಯಂ ಕ್ಲೋರೈಡಿನಿಂದಲೇ ಮಾಡಬಹುದು. ಚಿನ್ನದಂಗಡಿಯವರ ಬಗೆಯ, 0.01 ಗ್ರಾಂ ತೋರಿಸುವ ಜೇಬು ತಕ್ಕಡಿಯಲ್ಲಿ 7.46 ಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿನ ದ್ರಾವಣ ಮಾಡಿ. ಅದರಲ್ಲಿ 50 ಮಿಲಿಲೀಟರ್ ತೆಗೆದು 500 ಆಗುವಂತೆ ನೀರು ಸೇರಿಸಿ. ಇದು 25 ಡಿಗ್ರಿಯಲ್ಲಿ 1413 ಮೈಕ್ರೋಸೀಮೆನ್ಸ್. 0.5 ಗುಣಕದ ಪೆನ್ 707 ತೋರಿಸಬೇಕು, 0.7ರದ್ದು 989. ನೇರವಾಗಿ 0.75 ಗ್ರಾಂ ತೂಗಲು ಹೋದರೆ ತಕ್ಕಡಿಯ ಒಂದು ಅಂಕಿ ತಪ್ಪಿದರೂ ಶೇ. 1ರಷ್ಟು ಹೋಗುತ್ತದೆ, ಅದಕ್ಕೇ ಎರಡು ಹಂತ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2 ಏರುತ್ತದೆ. ಹೊಂದಿಸುವಾಗ ದ್ರಾವಣ 25ರ ಹತ್ತಿರ ಇರಲಿ.

ನಮ್ಮ ಪೆನ್ 0.5 ಗುಣಕದ್ದು. ಮೊದಲ ಓದು 655. ಕಡ್ಡಿಗಳನ್ನು ವಿನೆಗರಿನಲ್ಲಿ 10 ನಿಮಿಷ ಇಟ್ಟು, ಮೆತ್ತನೆ ಟೂತ್ ಬ್ರಷ್‌ನಿಂದ ಉಜ್ಜಿ (ಇವು ಲೋಹ, ಉಜ್ಜಿದರೆ ಅಡ್ಡಿಯಿಲ್ಲ), ಎರಡು ಹೊಸ ಸೆಲ್ ಹಾಕಿದ ಮೇಲೆ 690. ಉಳಿದದ್ದನ್ನು ಸ್ಕ್ರೂನಿಂದ 707ಕ್ಕೆ ತರಲಾಯಿತು. ಅದ್ದುವಾಗ ಕಡ್ಡಿಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಓದು ಕೆಳಗಿಳಿಯುತ್ತದೆ; ಲೋಟದ ಅಂಚಿಗೆ ಪೆನ್ನನ್ನು ಎರಡು ಸಲ ತಟ್ಟಿ. ಪರದೆಯ ಮೂಲೆಯಲ್ಲಿ ‘×10’ ಎಂಬ ಸಣ್ಣ ಗುರುತು ಇದೆಯೇ ನೋಡಿ. 999 ದಾಟಿದ ಬೋರ್ ನೀರನ್ನು ಪೆನ್ 120 ಎಂದು ತೋರಿಸಿ, ಪಕ್ಕದಲ್ಲಿ ಆ ಗುರುತು ಬೆಳಗಿಸುತ್ತದೆ. ಅದು 1200.

ಇನ್ನು ಮುಖ್ಯವಾದ ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೋರ್ ನೀರಿಗೆ ಸಾಫ್ಟನರ್ ಕೂರಿಸಿರುತ್ತಾರೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಇಡುತ್ತದೆ. ಗಡಸುತನ ಹೋಯಿತು, ಪೆನ್ನಿನ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿತು. 300 ಪಿಪಿಎಂ ಇದೆ ಎಂದು ಸೀಗಡಿ ಬಿಟ್ಟವರ ತೊಟ್ಟಿಯಲ್ಲಿ ಸೀಗಡಿಗಳು ಪೊರೆ ಕಳಚಲಾಗದೆ ಸಾಯುತ್ತವೆ. ಹೊಸ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಆ 300ರಲ್ಲಿ ಇರುವುದಿಲ್ಲ. ಜಿಎಚ್ (ಒಟ್ಟು ಗಡಸುತನ), ಕೆಎಚ್ ಎರಡಕ್ಕೂ ಹನಿ ಹಾಕುವ ಕಿಟ್ ಬೇಕೇ ಬೇಕು, ಆ ಕೆಲಸ ಪೆನ್ನಿನದಲ್ಲ. ಸಾಫ್ಟನರಿಗೆ ಮೊದಲಿನ ನಲ್ಲಿ ಎಲ್ಲಿದೆ ಎಂದು ಕಟ್ಟಡದ ಪ್ಲಂಬರನ್ನು ಕೇಳಿ, ತೊಟ್ಟಿಗೆ ಅಲ್ಲಿಂದ ನೀರು ಹಿಡಿಯಿರಿ.

ಪೆನ್ ನಿಜವಾಗಿ ಹೊಳೆಯುವ ಕೆಲಸ ಬೆರೆಸುವುದು. ಬೋರ್ ನೀರು 900 ಮೈಕ್ರೋಸೀಮೆನ್ಸ್, ಆರ್‌ಓ ನೀರು 20, ಬೇಕಾದದ್ದು 250 ಎಂದಿಟ್ಟುಕೊಳ್ಳಿ. 250ರಿಂದ 20 ಕಳೆದರೆ 230. 900ರಿಂದ 20 ಕಳೆದರೆ 880. 230 ಭಾಗಿಸು 880 ಅಂದರೆ 0.26. ನೂರು ಲೀಟರಿಗೆ 26 ಲೀಟರ್ ಬೋರ್, 74 ಲೀಟರ್ ಆರ್‌ಓ. ಬೆರೆಸಿದ ಮೇಲೆ ಅದ್ದಿ ನೋಡಿ, ತಪ್ಪುವುದು ಅಪರೂಪ. ವಾರದಿಂದ ವಾರಕ್ಕೆ ತೊಟ್ಟಿಯ ಅಂಕಿ ಮೇಲೇರುತ್ತಿದ್ದರೆ ಆವಿಯಾದ ನೀರಿನ ಜಾಗಕ್ಕೆ ನಲ್ಲಿ ನೀರು ತುಂಬುತ್ತಿರಬಹುದು. ಆವಿಯಾದದ್ದಕ್ಕೆ ಆರ್‌ಓ, ಬದಲಾಯಿಸಿದ್ದಕ್ಕೆ ಬೆರೆಸಿದ ನೀರು.

ಫಾಸ್ಫೇಟ್ ಅಳೆಯುವ ಅಂಗೈ ಗಾತ್ರದ ಬಣ್ಣದ ಮೀಟರ್ ಬಗ್ಗೆ ಇಷ್ಟೇ: ಸೊನ್ನೆ ಮಾಡಿದ ಗಾಜಿನ ಶೀಶೆಯನ್ನೇ ಓದಿಗೂ ಬಳಸಿ, ಅದನ್ನು ಪ್ರತಿ ಸಲ ಒಂದೇ ದಿಕ್ಕಿನಲ್ಲಿ ಕೂರಿಸಿ, ಬೆರಳಚ್ಚನ್ನು ಮೃದು ಬಟ್ಟೆಯಿಂದ ಒರೆಸಿ, ಪುಡಿ ಕಲಕಿದ ಗುಳ್ಳೆಗಳು ಏರಿ ಹೋಗುವವರೆಗೆ ಕಾಯಿರಿ. ಫಾಸ್ಫರಸ್ ಎಂದು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ತೋರಿಸುವ ಮಾದರಿಯಾದರೆ 3.066ರಿಂದ ಗುಣಿಸಿದಾಗ ಫಾಸ್ಫೇಟ್.

ಎತ್ತಿಡುವುದು

ಪಿಎಚ್ ಪೆನ್ನಿನ ಮುಚ್ಚಳದೊಳಗೆ ಸಣ್ಣ ಸ್ಪಂಜಿನ ತುಂಡು, ಅದು ನೆನೆಯುವಷ್ಟು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ನಿಲ್ಲಿಸಿಯೇ ಇಡಿ. ಮುಚ್ಚಳದ ಅಂಚಿನಲ್ಲಿ ಬಿಳಿ ಹರಳು ಬೆಳೆದರೆ ಅದು ಅದೇ ಲವಣ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ದ್ರಾವಣ ಮುಗಿದ ದಿನ 4.00ರ ಬಫರ್ ಹಾಕಿದರೂ ನಡೆಯುತ್ತದೆ. ಆರ್‌ಓ, ಡಿಸ್ಟಿಲ್ಡ್ ನೀರಿನಲ್ಲಿ ಮಾತ್ರ ಇಡಬೇಡಿ. ಶುದ್ಧ ನೀರು ಜಂಕ್ಷನ್ನಿನ ಮೂಲಕ ಒಳಗಿನ ಲವಣವನ್ನು ಎಳೆದು ಹಾಕುತ್ತದೆ. ಹೀಗೆ ಶುಚಿಯ ಹೆಸರಿನಲ್ಲೇ ಪೆನ್ನುಗಳು ಸಾಯುತ್ತವೆ.

ಪೆನ್ನಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಈಗ ಇರುವುದು: ಸೆಲ್ ಹಾಕಿದ ತಾರೀಕು, ಸ್ಲೋಪ್ 95, ಬಫರ್ ಮಾಡಿದ ತಾರೀಕು. ಒಂದು ವಾರದ ನಂತರ, ಸ್ಕ್ರೂ ಮುಟ್ಟದೆ, ಅದೇ 29 ಡಿಗ್ರಿಯಲ್ಲಿ: 6.86ರಲ್ಲಿ 6.88, 9.18ರಲ್ಲಿ 9.06. ಎರಡು ವಾರಕ್ಕೆ: 6.91, 9.08. ಸ್ಲೋಪ್ 94ಕ್ಕೆ ಬಂದಿದೆ, ಅಂಕಿ 0.06 ಜರುಗಿದೆ. ಸಿಒ2 ತೊಟ್ಟಿಗಾದರೆ ಎರಡು ವಾರಕ್ಕೊಮ್ಮೆ 6.86ರಲ್ಲಿ ಹೊಂದಿಸಬೇಕು, ಬರೀ ಮೀನಿನ ತೊಟ್ಟಿಗೆ ತಿಂಗಳಿಗೊಮ್ಮೆ ಸಾಕು. 9.18ರ ಶೀಶೆಯನ್ನು ಪ್ರತಿ ಸಲ ತೆರೆಯುವುದು ಬೇಡ, ಎರಡು ತಿಂಗಳಿಗೊಮ್ಮೆ ಹೊಸ ಶೀಶೆ ತೆರೆದು ಸ್ಲೋಪ್ ನೋಡಿದರೆ ಆಯಿತು.